ಪಾಟಾ ಬಿಚ್ಚಿದ ವಾರ

ಫೆಬ್ರವರಿ 2, 2025, ರವಿವಾರ. ಬಸವಕಲ್ಯಾಣ

ಹುಮನಾಬಾದದಿಂದ ಬರುವಾಗ ರಾಜೇಶ್ವರ ದಾಟಿದ ಮೇಲೆ, ರಸ್ತೆ ಉಬ್ಬು ಬಂದಾಗಲೆಲ್ಲ ಹಿಂದಿನ ಸೀಟಿನ ಬಲಗಡೆ ಕೆಳಗೆ ‘ಟಕ್’ ಅನ್ನುತ್ತಿತ್ತು. ಅಪ್ಪನ ಕಾಲದ ಅಂಬಾಸಿಡರ್, 1977ರದು. ಸಂಜೆ ಸಪಾಟು ಅಂಗಳದಲ್ಲಿ ನಿಲ್ಲಿಸಿ ಟೇಪ್ ಹಿಡಿದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರೆ ಬಲಗಡೆ ಮೂರು ಸೆಂಟಿಮೀಟರ್ ಕಡಿಮೆ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ, ಪಾಟಾದ (ಲೀಫ್ ಸ್ಪ್ರಿಂಗಿನ) ಮುಂದಿನ ಹ್ಯಾಂಗರ್ ಹತ್ತಿರ ಬಾಡಿಯಡಿ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೆಳಗೆ ತೂರಿದೆ. ಬರೀ ಜ್ಯಾಕ್ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಪಾಟಾದ ಹಿಂದಿನ ತುದಿಯ ಶಾಕಲ್‌ಗೆ ಸಬ್ಬಲ್ ಕೊಟ್ಟು ಮೀಟಿದರೆ ಪಿನ್ನು ಕಣ್ಣಿಗೆ ಕಾಣುವಷ್ಟು ಆಡಿತು. ಬುಶ್ಶಿನ ರಬ್ಬರು ಮೇಲ್ಬದಿಗೆ ಕಾಗದದಷ್ಟು ಸವೆದಿದೆ, ಕೆಳಬದಿಗೆ ಇನ್ನೂ ದಪ್ಪ. ಸದ್ದು ಇಲ್ಲಿಯದೇ. ಗಾಡಿ ಬಾಗಿದ್ದು ಮಾತ್ರ ಇಷ್ಟರಿಂದಲ್ಲ.

ಫೆಬ್ರವರಿ 3

ಸಸ್ತಾಪುರ ಬಂಗ್ಲಾದ ಲಾರಿ ಗ್ಯಾರೇಜಿನಲ್ಲಿ ತೋರಿಸಿದೆ. “ಇನ್ನೊಂದು ಪಾಟಾ ಏರಿಸಿ ಬಿಡೂನ್ರಿ ಸಾಹೇಬ್ರ, ಎದ್ದು ನಿಂದರ್ತದ” ಅಂದರು ವಸ್ತಾದರು. ಲೋಡು ಹೊರುವ ಲಾರಿಗೆ ಆ ಮಾತು ಸರಿ. ಅಂಬಾಸಿಡರ್‌ಗೆ ಲಾರಿಯಂಥ ಬೇರೆ ಚಾಸಿ ಇಲ್ಲ, ಪಾಟಾದ ಹ್ಯಾಂಗರ್‌ಗಳು ಬಾಡಿಯ ತಗಡಿಗೇ ಕೂತಿವೆ. ಪಾಟಾ ಬಿರುಸಾದರೆ ಅದು ನುಂಗಬೇಕಾದ ಹೊಡೆತವನ್ನು ಆ ಹಳೆಯ ತಗಡು ತಿನ್ನುತ್ತದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಗಾಡಿ ಇದು. ನಮ್ಮ ರಸ್ತೆಗಳಲ್ಲಿ ಇಷ್ಟು ದಶಕ ಬಾಳಿದ್ದಕ್ಕೆ ಹಿಂದಿನ ಆ ಮೆತ್ತನೆಯ ಪಾಟಾವೂ ಕಾರಣ ಅಂತ ನಾನು ನಂಬುತ್ತೇನೆ. ವಸ್ತಾದರ ಮಾತಿಗೆ ಒಪ್ಪಲಿಲ್ಲ.

ಫೆಬ್ರವರಿ 5, ಹುಮನಾಬಾದ

ಇಲ್ಲಿಯ ಮಿಸ್ತ್ರಿ ಚಾಚಾ ಟ್ಯಾಕ್ಸಿಗಳ ಕಾಲದಿಂದ ಅಂಬಾಸಿಡರ್ ಬಿಚ್ಚಿದವರು. ಪಾಟಾ ಇಳಿಸಿ, ಸೆಂಟರ್ ಬೋಲ್ಟ್ ತೆಗೆದು, ಒಂದೊಂದೇ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಎರಡನೇ ಪಟ್ಟಿ ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ ತೋರಿಸಿದರು: ಸೆಂಟರ್ ಬೋಲ್ಟಿನ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು, ಒಳಗೆಲ್ಲ ತುಕ್ಕು. ತೂತು ಕೊರೆದಲ್ಲಿ ಉಕ್ಕು ಕಡಿಮೆ, ಪಾಟಾ ಮುರಿಯುವುದು ಹೆಚ್ಚಾಗಿ ಅಲ್ಲೇ. ಮೇನ್ ಪಟ್ಟಿ ಗಟ್ಟಿಯಿದೆ. ಬಿರುಕು ಬಿಟ್ಟದ್ದನ್ನು ಬದಲಿಸಿ, ಉಳಿದವನ್ನು ಬಡಿದು ಬಾಗು ಕೊಟ್ಟು, ಎಡಗಡೆಯದನ್ನೂ ಬಿಚ್ಚಿ ಜೋಡಿ ಸರಿ ಮಾಡುವುದೆಂದು ನಿಶ್ಚಯವಾಯಿತು. ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಾಗುವುದು 2014ರಲ್ಲೇ ನಿಂತಿದೆ. ಹಾಗಾಗಿ ಬುಶ್ ಹೈದರಾಬಾದಿನಿಂದ ಬರಬೇಕು.

ಫೆಬ್ರವರಿ 9, ರವಿವಾರ

ಬುಶ್ ಬಂದವು. ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ ಜೋಡಿಸಿದರು. ಯು-ಬೋಲ್ಟ್‌ಗಳೂ ಹೊಸವು, ಒಮ್ಮೆ ಎಳೆದು ಬಿಗಿಸಿದವನ್ನು ಮತ್ತೆ ಹಾಕುವುದು ಚಾಚಾಗೆ ಸೇರುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ತೂತಿನಲ್ಲಿ ಕೂತದ್ದನ್ನು ಬೆರಳು ಹಾಕಿ ನೋಡಿದರು. ಅದು ತಪ್ಪಿದರೆ ಆಕ್ಸಲ್ ಸರಿದು ಗಾಡಿ ಓರೆಯಾಗಿ ಓಡುತ್ತದೆ.

ಚಕ್ರ ಇನ್ನೂ ತೂಗಾಡುತ್ತಿರುವಾಗಲೇ ಹುಡುಗ ಶಾಕಲ್ ನಟ್ಟಿಗೆ ಪಾನಾ ಹಾಕಿದ. “ಈಗ ಬ್ಯಾಡೋ ತಮ್ಮಾ, ಗಾಡಿ ನೆಲಕ್ಕ ಕೂಡ್ಲಿ ಮೊದಲ” ಅಂದರು ಚಾಚಾ. ತೂಗಾಡುವಾಗಲೇ ಬಿಗಿಸಿದರೆ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿದೊಡನೆ ತಿರುಚಿಕೊಂಡು ಬೇಗ ಹರಿಯುತ್ತದೆ. ಇಳಿಸಿ, ಡಿಕ್ಕಿ ಒತ್ತಿ ಒತ್ತಿ ಕುಲುಕಿ, ಆಮೇಲೆ ಬಿಗಿಸಿದರು. ಟೇಪ್ ಹಿಡಿದರೆ ಎರಡೂ ಕಡೆ ಒಂದೇ ಅಳತೆ. ಅವರ ಕೈ ಹಿಡಿದುಕೊಂಡೆ.

ಕಲ್ಯಾಣದವರೆಗೆ ಸದ್ದಿಲ್ಲ. ಐನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಬೇಕು. ಎಡಗಡೆ ಶಾಕಪ್‌ನಿಂದ ಎಣ್ಣೆ ಜಿನುಗುತ್ತಿದೆ, ಅದನ್ನೂ ಆಗಲೇ ಬಿಚ್ಚಿಸುವುದು.