ಎಂಟುನೂರರ ವಹಿ

ಮನ್ನಾಏಖೇಳ್ಳಿಯ ಹಳಬರಿಗೆ ಸಣ್ಣ ಕಾರು ಯಾವ ಕಂಪನಿಯದೇ ಇರಲಿ, ಅದು ‘ಮಾರುತಿ’. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಯನ್ನು ಅದರ ಮಾಲೀಕನ ಕೈಗಿಟ್ಟಾಗ ಶುರುವಾದ ಹೆಸರು ಅದು. 2014ರ ಜನವರಿಯಲ್ಲಿ ಆ ಕಾರಿನ ತಯಾರಿಕೆ ನಿಂತುಹೋಯಿತು. ಹೆಸರು ಮಾತ್ರ ನಮ್ಮೂರಿನ ಹೆದ್ದಾರಿ ಬದಿಯ ಚಹಾದಂಗಡಿಗಳಲ್ಲಿ ಇನ್ನೂ ಓಡಾಡುತ್ತಿದೆ. ನಮ್ಮ ಮನೆಯ ಮುಂದೆ ನಿಂತಿರುವುದಂತೂ ನಿಜವಾದ ಎಂಟುನೂರು, 2008ರದು. ಮೂರು ಸಿಲಿಂಡರ್, 796 ಸಿಸಿ, ನಾಲ್ಕು ಗೇರು, ಹನ್ನೆರಡು ಇಂಚಿನ ಗಾಲಿ.

ಅಪ್ಪ ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ಮುನೀಮನಾಗಿದ್ದವನು. ತೊಗರಿ, ಉದ್ದು, ಹೆಸರಿನ ಲೆಕ್ಕ ಬರೆದೇ ನಮ್ಮನ್ನು ಓದಿಸಿದ. 2012ರಲ್ಲಿ ಈ ಕಾರನ್ನು ಹಳೆಯದಾಗಿ ಕೊಳ್ಳುವಾಗ ನೆಂಟರೆಲ್ಲ ಜಹೀರಾಬಾದಿಗೆ ಹೋಗು, ಅಲ್ಲಿ ಅಗ್ಗ ಎಂದರು. ಹೆದ್ದಾರಿ ಹಿಡಿದರೆ ಗಡಿ ದೂರವೇನಲ್ಲ. ಅಪ್ಪ ಲೆಕ್ಕ ಹಾಕಿದ. ಬೇರೆ ರಾಜ್ಯದ ಗಾಡಿ ತಂದರೆ ಅಲ್ಲಿಂದ ಎನ್‌ಒಸಿ ತರಬೇಕು, ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಅಗ್ಗ ಅಂದದ್ದು ಗಡಿ ದಾಟುವಷ್ಟರಲ್ಲಿ ತುಟ್ಟಿಯಾಗುತ್ತಿತ್ತು. ಹಾಗಾಗಿ ಬೀದರಿನ ಕೆಎ 38 ನಂಬರಿನ ಗಾಡಿಯೇ ಮನೆಗೆ ಬಂತು. ಅದರ ಜೊತೆ ಕೆಂಪು ಬಟ್ಟೆಯ ಹೊದಿಕೆಯ ಹೊಸ ವಹಿಯೊಂದೂ ಬಂತು.

ಆ ವಹಿಯನ್ನು ಓದಿದರೆ ಸಣ್ಣ ಕಾರಿನ ಕಾಯಿಲೆಗಳೆಲ್ಲ ತಿಳಿಯುತ್ತವೆ.

ಪುಟಪುಟಕ್ಕೂ ಇರುವುದು ರೇಡಿಯೇಟರ್. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೋರಿನ ನೀರು ಸವಳು. ಅದನ್ನೇ ರೇಡಿಯೇಟರಿಗೆ ಸುರಿದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರ ಕಟ್ಟಿ ನೀರು ತಿರುಗುವುದಿಲ್ಲ. ಎಂಜಿನ್ ಕಾಯುತ್ತದೆ. ಕಾದದ್ದನ್ನು ಹಾಗೇ ಓಡಿಸಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತದೆ. ಕೂಲಂಟಿಗೆ ನೂರಿನ್ನೂರು, ಹೆಡ್ ಕೆಲಸಕ್ಕೆ ಸಾವಿರಗಳು. ಅಪ್ಪ ಕೂಲಂಟಿನ ಖರ್ಚಿನ ಎದುರು ‘ಔಷಧ’ ಎಂದು ಬರೆದಿದ್ದಾನೆ.

ಎರಡನೆಯದು ಮುಂಗಾಲಿಯ ರಬ್ಬರ್ ಬೂಟು. ಈ ಕಾರಿನಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಗಾಲಿಗಳಿಗೆ. ಗಾಲಿ ತಿರುಗುತ್ತಲೇ ಹೊರಳಬೇಕಾದ್ದರಿಂದ ಆಕ್ಸಲ್ ತುದಿಯಲ್ಲಿ ಒಂದು ಕೀಲು ಇರುತ್ತದೆ. ಅದರ ಗ್ರೀಸು ಚೆಲ್ಲದಂತೆ ಮಡಿಕೆ ಮಡಿಕೆಯಾದ ರಬ್ಬರಿನ ಚೀಲ. ಚೀಲ ಹರಿದರೆ ಗ್ರೀಸು ಹೊರಗೆ, ನಮ್ಮ ಕೆಂಪು ಧೂಳು ಒಳಗೆ. ಆಮೇಲೆ ತಿರುವಿನಲ್ಲಿ ‘ಕಟ್ ಕಟ್’ ಸದ್ದು. ಸದ್ದು ಬರುವ ಮೊದಲೇ ಚೀಲ ಬದಲಿಸಿದರೆ ಅಗ್ಗ, ಬಂದ ಮೇಲಾದರೆ ಇಡೀ ಆಕ್ಸಲ್ಲಿಗೇ ದುಡ್ಡು.

ಇನ್ನು ಕ್ಲಚ್ ವಾಯರ್ ತುಂಡಾಗುವುದು, ಗುಂಡಿಗೆ ಬಿದ್ದು ಸಣ್ಣ ಗಾಲಿಯ ರಿಮ್ಮು ಸೊಟ್ಟಗಾಗುವುದು, ಸೈಲೆನ್ಸರ್ ತುಕ್ಕು ಹಿಡಿದು ಟ್ರ್ಯಾಕ್ಟರಿನಂತೆ ಕೂಗುವುದು. ಈಚೆಗೆ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇಕಡಾ 20ಕ್ಕೆ ಏರಿದ ಮೇಲೆ ಹಳೆಯ ರಬ್ಬರ್ ಪೈಪುಗಳ ಮೇಲೂ ಒಂದು ಕಣ್ಣು. ಎಥನಾಲ್ ಬರುವ ಬೆಳೆಗಳಲ್ಲಿ ಕಬ್ಬೂ ಒಂದು, ಕಬ್ಬು ನಮ್ಮ ಜಿಲ್ಲೆಯ ರೈತರ ಅನ್ನ. ಹಾಗಾಗಿ ಊರಲ್ಲಿ ಇದರ ಬಗ್ಗೆ ದೂರುವವರೂ ಹೊಗಳುವವರೂ ಒಂದೇ ಮನೆಯಲ್ಲಿ ಸಿಗುತ್ತಾರೆ.

ಇವೆಲ್ಲ ತಮಾಷೆಯಾಗಿ ಬರೆಯಬಹುದಾದ ಸಂಗತಿಗಳಾಗಿದ್ದವು, 2021ರವರೆಗೆ. ಆ ವರ್ಷ ಅಪ್ಪನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಬೀದರಿನಲ್ಲಿ ಡಯಾಲಿಸಿಸ್. ಪ್ರತಿ ಸಲ ನಾಲ್ಕು ತಾಸು. ಹೋಗುವಾಗ ಬಸ್ಸು ನಡೆಯುತ್ತದೆ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಶಕ್ತಿ ಅವನಲ್ಲಿರುವುದಿಲ್ಲ. ಅಂದಿನಿಂದ ಕಾರು ಓಡಿಸುವವಳು ನಾನು, ವಹಿ ಬರೆಯುವವನು ಅವನು.

2023ಕ್ಕೆ ಗಾಡಿಗೆ ಹದಿನೈದು ತುಂಬಿತು. ನೋಂದಣಿ ಐದು ವರ್ಷಕ್ಕೆ ಮುಂದುವರಿಸಬೇಕು. ಅದರ ಶುಲ್ಕ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಹಸಿರು ತೆರಿಗೆ ಬೇರೆ. ಹೈದರಾಬಾದಿನಲ್ಲಿರುವ ಅಣ್ಣ ಫೋನಿನಲ್ಲಿ, “ಗುಜರಿಗೆ ಹಾಕ್ರಿ ಅದನ. ನಾ ರೊಕ್ಕ ಕಳಸ್ತೀನಿ, ಟ್ಯಾಕ್ಸಿ ಮಾಡ್ಕೊಂಡ ಹೋಗ್ರಿ” ಅಂದ. ಅವನ ಮಾತಿನಲ್ಲಿ ಪ್ರೀತಿಯೇ ಇತ್ತು. ದಾರಿಯಲ್ಲಿ ಗಾಡಿ ನಿಂತರೆ ಅಪ್ಪನ ಗತಿಯೇನು ಎಂಬ ಹೆದರಿಕೆಯೂ ಇತ್ತು.

ಅಪ್ಪ ವಹಿ ತೆಗೆದ. ವರ್ಷಕ್ಕೆ 104 ಸಲ ಬೀದರ್. ಹೋಗಿಬರಲು ಅರವತ್ತು ಕಿಲೋಮೀಟರಿನ ಆಸುಪಾಸು, ಪೆಟ್ರೋಲ್ ನಾನೂರು ರೂಪಾಯಿಯ ಹತ್ತಿರ. ವರ್ಷಕ್ಕೆ 41,600. ರಿಪೇರಿ ಹಿಂದಿನ ವರ್ಷ 14,000. ಸಾವಿರ ಸಿಸಿ ಮೀರದ ಕಾರಿಗೆ ಥರ್ಡ್ ಪಾರ್ಟಿ ವಿಮೆ 2,094, ಅದರ ಮೇಲೆ ತೆರಿಗೆ. ನೋಂದಣಿಯ ಐದು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ಒಂದು ಸಾವಿರ. ಒಟ್ಟು ಅರವತ್ತು ಸಾವಿರದೊಳಗೆ. ಟ್ಯಾಕ್ಸಿಯವರು ಕಾಯುವ ಹೊತ್ತೂ ಸೇರಿಸಿ ಕೇಳಿದ್ದು ದಿನಕ್ಕೆ 1,300. ವರ್ಷಕ್ಕೆ 1,35,200.

“ರೊಕ್ಕದ್ದು ಆಯ್ತು. ನಿಂತ್ರ?” ಎಂದು ನಾನೇ ಕೇಳಿದೆ.

“ನಿಂತ್ರ ಯಾರು ಬರ್ತಾರ ಅನ್ನೋದು ಹೇಳವ್ವಾ” ಅಂದ ಅಪ್ಪ.

ಅವನು ಕೇಳಿದ್ದೇ ಸರಿಯಾದ ಪ್ರಶ್ನೆ. ಬೀದರ್ ರಸ್ತೆಯಲ್ಲಿ ಒಮ್ಮೆ ಡಯಾಲಿಸಿಸ್ ಮುಗಿಸಿ ಬರುವಾಗ ಕ್ಲಚ್ ವಾಯರ್ ಹೋಗಿತ್ತು. ಫೋನ್ ಮಾಡಿದ ಅರ್ಧ ತಾಸಿಗೆ ನಮ್ಮೂರಿನ ಮಿಸ್ತ್ರಿ ಚಾಚಾ ಬೈಕಿನ ಹಿಂದೆ ವಾಯರ್ ಸುತ್ತಿಕೊಂಡು ಬಂದರು. “ನೀ ಅಪ್ಪಾರ್‌ಗ ನೆಳ್ಳಿಗ ಕೂಡ್ಸು ಬೇಟಿ, ಹತ್ತ ಮಿನಿಟಿಂದು ಕೆಲ್ಸ ಅದ” ಎಂದು ಒಂದು ಪಾನಾ, ಒಂದು ಪಕ್ಕಡ್ ಹಿಡಿದು ಬಾನೆಟ್ಟಿಗೆ ಬಾಗಿದರು. ಅಣ್ಣನ ಹೊಸ ಕಾರು ಹಬ್ಬಕ್ಕೆ ಬಂದಾಗ ಅದರಲ್ಲಿ ಹಳದಿ ದೀಪವೊಂದು ಹತ್ತಿತ್ತು. ಚಾಚಾ ಅದನ್ನು ನೋಡಿ ಕೈ ಒರೆಸಿಕೊಂಡು, “ಇದಕ ಕಂಪ್ಯೂಟರ್ ಹಚ್ಚಬೇಕು, ನನ್ನ ಹಂತೇಕ ಇಲ್ಲ” ಅಂದಿದ್ದರು. ಹೊಸ ಕಾರು ಕೆಡುವುದು ಕಡಿಮೆ, ನಿಜ. ಆದರೆ ಕೆಟ್ಟರೆ ದೊಡ್ಡ ಊರು ಹುಡುಕಬೇಕು.

ನಾವು ಕಾರಿನ ಅಗ್ಗ-ತುಟ್ಟಿ ಮಾತಾಡುವಾಗ ಷೋರೂಮಿನ ಬೆಲೆ, ಮೈಲೇಜು ಹೇಳುತ್ತೇವೆ. ನಮ್ಮಂಥ ಊರಲ್ಲಿ ಇನ್ನೊಂದು ಅಳತೆ ಬೇಕು: ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಎಷ್ಟು ದೂರದಲ್ಲಿದೆ? ಆ ಕೈಗಳಿಗೂ ವಯಸ್ಸಾಗುತ್ತಿದೆ. ಚಾಚಾನ ಮಗ ಹೆದ್ದಾರಿಯ ಟೋಲಿನಲ್ಲಿ ಕೆಲಸಕ್ಕಿದ್ದಾನೆ. ಈ ಖರ್ಚು ಯಾವ ಅಂಕಣದಲ್ಲಿ ಬರೆಯಬೇಕೆಂದು ಅಪ್ಪನಿಗೂ ಗೊತ್ತಿಲ್ಲ.

ಐದು ಸಾವಿರ ಕಟ್ಟಿದೆವು. 2028ರವರೆಗೆ ಗಾಡಿ ನಮ್ಮದೇ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು 2025ರಲ್ಲಿ ಹತ್ತು ಸಾವಿರ ಮಾಡಿದ್ದಾರೆ. ಆ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಷ್ಟು ಮುಂದಿನ ಲೆಕ್ಕವನ್ನು ಅಪ್ಪ ಈಗ ಹಾಕುವುದಿಲ್ಲ. ಅವನು ಹಾಕುವುದು ಮುಂದಿನ ತಿಂಗಳಿನದು. ಟೈಮಿಂಗ್ ಬೆಲ್ಟ್ ಬದಲಿಸಬೇಕಾಗಿದೆ. ಅದು ಹರಿದಿಲ್ಲ, ಸದ್ದೂ ಮಾಡುತ್ತಿಲ್ಲ. ಸೋಮವಾರ ಮತ್ತು ಗುರುವಾರ ಬಿಟ್ಟು ಯಾವ ದಿನವಾದರೂ ಗಾಡಿ ತನ್ನಿ ಎಂದು ಚಾಚಾ ಹೇಳಿದ್ದಾರೆ. ಅವೆರಡು ಅಪ್ಪನ ದಿನಗಳೆಂದು ಅವರಿಗೆ ಗೊತ್ತು.