ಗಾಲಿಯ ಮೇಲಿನ ಮನೆಗೆ ಕಿಟಕಿ ಕೂರಿಸಿದ್ದು

ಉತ್ತರ ಕನ್ನಡವೆಂದರೆ ಹೊರಗಿನವರಿಗೆ ಕಾರವಾರದ ಕಡಲು, ಶಿರಸಿಯ ಅಡಿಕೆ ತೋಟ. ಆದರೆ ಘಟ್ಟದ ಮೇಲಿನ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೊಯಿಡಾಗಳನ್ನು ಇದೇ ಕ್ರಮದಲ್ಲಿ ಒಮ್ಮೆ ಸುತ್ತಿ ಬಂದರೆ ಮಳೆಯ ಏಣಿಯೊಂದನ್ನು ಹತ್ತಿದ ಹಾಗಾಗುತ್ತದೆ. ಮುಂಡಗೋಡ, ಹಳಿಯಾಳಗಳದು ಧಾರವಾಡದ ಬಯಲಿಗೆ ಹೊಂದಿಕೊಂಡ ಅರೆಮಲೆನಾಡು. ದಾಂಡೇಲಿಯಲ್ಲಿ ಕಾಡು ದಟ್ಟವಾಗುತ್ತದೆ. ಗೋವೆಯ ಗಡಿ ಮುಟ್ಟುವ ಜೊಯಿಡಾಕ್ಕೆ ಬಂದರೆ ಮಳೆಗಾಲದಲ್ಲಿ ಆಕಾಶ ಕಾಣುವುದೇ ಅಪರೂಪ. ಈ ಏಣಿಯನ್ನು ನಾನು ಹತ್ತಿದ್ದು ಮನೆಯೊಳಗೇ ಕೂತು. ಮನೆಗೆ ಆರು ಗಾಲಿ ಇದ್ದವು.

ಮುಂಡಗೋಡದಲ್ಲಿರುವ ನನ್ನ ಮಿತ್ರರೊಬ್ಬರು ನಿವೃತ್ತರಾದ ಮೇಲೆ ಹಳೆಯ ಮಿನಿಬಸ್ಸೊಂದನ್ನು ಕೊಂಡು ಒಳಗೆ ಮಂಚ, ಕಪಾಟು, ಗ್ಯಾಸ್ ಒಲೆ ಇಡಿಸಿದ್ದಾರೆ. (ಹೀಗೆ ಮಾರ್ಪಡಿಸಲು ಆರ್‌.ಟಿ.ಓ. ಒಪ್ಪಿಗೆ ಪಡೆದು ಆರ್‌.ಸಿ. ಪುಸ್ತಕದಲ್ಲಿ ನಮೂದಿಸಬೇಕು. ಆಸೆಪಡುವ ಪಾಲಕರು ಮೊದಲು ಅದನ್ನು ವಿಚಾರಿಸಲಿ.) ನೆರೆಯವರಿಗೆ ಇದು ವಿಚಿತ್ರವೆನಿಸಿದರೂ ನನಗೆ ಹಾಗನಿಸಲಿಲ್ಲ. ಜೊಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಅಲ್ಲಿಯ ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿಗೆ ಕೊಲ್ಲಾರಿ ಕಟ್ಟಿ, ರೊಟ್ಟಿಯ ಗಂಟು, ಹಾಸಿಗೆ, ಹೆಂಡಿರು ಮಕ್ಕಳೊಡನೆ ಇದೇ ದಾರಿಗಳಲ್ಲಿ ಬರುತ್ತಾರೆ. ಅದೂ ಗಾಲಿಯ ಮೇಲಿನ ಮನೆಯೇ. ವ್ಯತ್ಯಾಸವಿಷ್ಟೆ: ಜಾತ್ರೆ ಬೇಸಗೆಯ ಬಾಗಿಲಲ್ಲಿ ಬರುತ್ತದೆ, ನಮ್ಮ ಮಿತ್ರರಿಗೆ ಮಳೆಗಾಲದ ಕಾಡು ನೋಡಬೇಕಿತ್ತು.

ಮೇ ತಿಂಗಳ ಒಂದು ಅಡ್ಡಮಳೆ ಸಾಕಾಯಿತು, ಬಸ್ಸಿನ ಗುಟ್ಟು ರಟ್ಟಾಗಲು. 1966ರಲ್ಲಿ ಆರಂಭವಾದ ಟಿಬೆಟನ್ನರ ನೆಲೆಯನ್ನು ನೋಡಿಕೊಂಡು ಬರುವಷ್ಟರಲ್ಲಿ ಹಿಂಬದಿಯ ಹಾಸಿಗೆ ತೊಯ್ದಿತ್ತು. ಹಾಸಿಗೆ ಎತ್ತಿದರೆ ಪಕ್ಕದ ಪ್ಲೈವುಡ್ಡು ಕಪ್ಪಗೆ ಬೂಷ್ಟು ಹಿಡಿದು, ಬೆರಳಿಟ್ಟರೆ ಕುಸಿಯುವಂತಾಗಿತ್ತು. ಆ ಹಾಸಿಗೆಯಲ್ಲಿ ಮಲಗುವ ಮೊಮ್ಮಗಳಿಗೆ ಚಳಿಗಾಲದಿಂದಲೂ ಕೆಮ್ಮು. ಕೆಮ್ಮಿಗೆ ಬೂಷ್ಟೇ ಕಾರಣವೆಂದು ನಾನು ಹೇಳಲಾರೆ, ಅದನ್ನು ಡಾಕ್ಟರು ಹೇಳಬೇಕು. ಆದರೆ ಬೂಷ್ಟಿನ ಬೀಜಕಣಗಳು ಎಳೆಯ ಶ್ವಾಸಕೋಶಕ್ಕೆ ಒಳ್ಳೆಯವಲ್ಲ ಎಂಬುದಂತೂ ನಿಜ.

ಸೋರಿಕೆಯ ಜಾಗ ಹುಡುಕುವುದು ಒಳ್ಳೆಯ ಪ್ರಯೋಗ. ನೀರು ಹನಿಯುವ ಜಾಗವೇ ನೀರು ಹೊಕ್ಕ ಜಾಗವಲ್ಲ, ತಗಡಿನ ಒಳಮೈ ಹಿಡಿದು ಎಲ್ಲಿಂದೆಲ್ಲಿಗೋ ಹರಿದು ಬಂದಿರುತ್ತದೆ. ನನ್ನ ಜೇಬಿನಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಒಳಗಡೆ ಕಿಟಕಿಯ ಸಂದಿನುದ್ದಕ್ಕೂ ಅದನ್ನು ತಿಕ್ಕಿದೆವು. ಹೊರಗಿನಿಂದ ಪೈಪಿನಲ್ಲಿ ನೀರನ್ನು ಮೊದಲು ಕಿಟಕಿಯ ಕೆಳಗೆ, ಆಮೇಲೆ ಮಗ್ಗುಲಿಗೆ, ಕೊನೆಗೆ ಮೇಲೆ ಬಿಟ್ಟೆವು. ಮೇಲಿನಿಂದಲೇ ಬಿಟ್ಟರೆ ಎಲ್ಲವೂ ಒಮ್ಮೆಗೇ ನೆನೆದು ಏನೂ ತಿಳಿಯುವುದಿಲ್ಲ. ಮೊಮ್ಮಗಳೇ ಒಳಗೆ ಕೂತು ಸುಣ್ಣ ಕರಗಿದ ಜಾಗಗಳನ್ನು ಕೂಗಿ ಹೇಳಿದಳು. ಒಟ್ಟು ಐದು ಕಡೆ ಸೋರುತ್ತಿತ್ತು.

ಮಿರಗದ ಮಳೆಗೆ ಮೊದಲೇ ಕೆಲಸ ಮುಗಿಯಬೇಕೆಂದು ಕಲಘಟಗಿಯ ಮೇಲೆ ಹಾಯ್ದು ಹಳಿಯಾಳಕ್ಕೆ ಹೋದೆವು. ಅಲ್ಲಿ ಮಿತ್ರರ ಪರಿಚಯದ ಗ್ಯಾರೇಜು. ಮಿಸ್ತ್ರಿ ಕಿಟಕಿಯ ಹಳೆಯ ರಬ್ಬರನ್ನು ಬಾಗಿಸಿದ, ಅದು ಒಣಗಿದ ಚಕ್ಕುಲಿಯಂತೆ ಲಟಕ್ಕನೆ ಮುರಿಯಿತು. ಸಹಜ ರಬ್ಬರಿನ ಅಣುಸರಪಳಿಯಲ್ಲಿ ದ್ವಿಬಂಧಗಳಿರುತ್ತವೆ. ಗಾಳಿಯಲ್ಲಿಯ ಓಜೋನ್ ಅವನ್ನು ಕಡಿಯುತ್ತದೆ, ಬಿಸಿಲೂ ಕೈಗೂಡಿಸುತ್ತದೆ. ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಆ ದ್ವಿಬಂಧಗಳಿಲ್ಲ, ಆದ್ದರಿಂದ ಅದು ಹೆಚ್ಚು ವರ್ಷ ಬಾಳುತ್ತದೆ. ಹತ್ತನೆಯ ತರಗತಿಯಲ್ಲಿ ದ್ವಿಬಂಧದ ಪಾಠ ಬಂದಾಗ ಇದರಿಂದೇನು ಪ್ರಯೋಜನ ಎನ್ನುವ ಹುಡುಗರಿಗೆ ನಾನೀಗ ಆ ರಬ್ಬರಿನ ತುಂಡನ್ನೇ ತೋರಿಸುತ್ತೇನೆ.

ಗಾಜು ಕೂರಿಸಿದ ಬಗೆ ನೋಡುವಂತಿತ್ತು. ಹೊಸ ರಬ್ಬರನ್ನು ಗಾಜಿನ ಸುತ್ತ ತೊಡಿಸಿ, ಅದರ ಹೊರಗಡೆಯ ಗಾಡಿಯಲ್ಲಿ ಗಟ್ಟಿ ದಾರವೊಂದನ್ನು ಸುತ್ತಲೂ ಹುದುಗಿಸಿದ. ಎರಡೂ ತುದಿ ಒಳಗಡೆ ಜೋತುಬಿಟ್ಟವು. ಸಾಬೂನು ನೀರು ಸವರಿ, ಹುಡುಗನೊಬ್ಬ ಹೊರಗಿನಿಂದ ಗಾಜನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಒಳಗೆ ಮಿಸ್ತ್ರಿ ದಾರವನ್ನು ಮೆಲ್ಲಗೆ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬಂದು ಕೂತಿತು. ಸುತ್ತಿಗೆಯಿಲ್ಲ, ಉಳಿಯಿಲ್ಲ. ಐದು ನಿಮಿಷದಲ್ಲಿ ಒಂದು ಕಿಟಕಿ!

ಪಕ್ಕದ ಕಿಟಕಿಗಳು ಅಲ್ಯುಮಿನಿಯಂ ಚೌಕಟ್ಟಿನವು. ಅವನ್ನು ಬಿಚ್ಚಿ, ಹಳೆಯ ಸಿಲಿಕೋನನ್ನು ಪೂರ್ತಿ ಕೆರೆದು ತೆಗೆಯುವುದರಲ್ಲೇ ಒಂದು ದಿನ ಹೋಯಿತು. ಹಿಂದೆ ಯಾರೋ ಹಳೆಯದರ ಮೇಲೆಯೇ ಹೊಸ ಸಿಲಿಕೋನ್ ಬಳಿದಿದ್ದರು. ಅದು ತನ್ನ ಹಳೆಯ ಪದರಕ್ಕೂ ಸರಿಯಾಗಿ ಅಂಟದು. ಬಿಸಿಲಿಗೆ ಚೌಕಟ್ಟಿನ ತಾಪ 40 ಡಿಗ್ರಿ ಏರಿದರೆ ಒಂದು ಮೀಟರಿನ ಅಲ್ಯುಮಿನಿಯಂ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ, ಗಾಜು 0.4ಕ್ಕಿಂತ ಕಡಿಮೆ. ದಿನವೂ ಈ ಜಗ್ಗಾಟ ನಡೆಯುವಾಗ ಗಟ್ಟಿಯಾಗಿಬಿಡುವ ಲಪ್ಪ ಬಿರುಕು ಬಿಡದೆ ಏನು ಮಾಡೀತು? ಅದಕ್ಕೆ ಮಿಸ್ತ್ರಿ ಚೌಕಟ್ಟಿನ ಹಿಂದೆ ಬ್ಯುಟೈಲ್ ಪಟ್ಟಿ ಇಟ್ಟ. ಅದು ಚಪಾತಿ ಹಿಟ್ಟಿನ ಹಾಗೆ ಮೆತ್ತಗೇ ಉಳಿಯುತ್ತದೆ, ಮುಂದೆ ಬಿಚ್ಚುವುದೂ ಸುಲಭ.

ಚೌಕಟ್ಟಿನ ಕೆಳಗಡೆ ಸಣ್ಣ ತೂತುಗಳಿದ್ದವು. ಧೂಳು ಕಟ್ಟಿ ಮುಚ್ಚಿಹೋಗಿದ್ದ ಅವನ್ನು ಕಂಡು ಮಿತ್ರರು, ಇವನ್ನೂ ಸಿಲಿಕೋನ್ ಹಾಕಿ ಮುಚ್ಚಿಬಿಡಿ ಎಂದರು. ಮಿಸ್ತ್ರಿ ತಂತಿಯಿಂದ ಒಂದೊಂದನ್ನೂ ಚುಚ್ಚಿ ಬಿಡಿಸುತ್ತ, “ಮುಚ್ಚಬ್ಯಾಡ್ರಿ ಸಾಹೇಬ್ರ. ಸರಿಯೋ ಗಾಜಿನ ಸಂದ್ಯಾಗ ನೀರ ಬರೂದ ಬರ್ತೈತಿ. ಅದಕ್ಕ ಹೊರಗ ಹೋಗಾಕ ದಾರಿ ಇರಬೇಕ್ರಿ” ಎಂದ. ನಾನು ವಿಜ್ಞಾನ ಕಲಿಸುವವನು, ಇದಕ್ಕಿಂತ ಚೆನ್ನಾಗಿ ಹೇಳಲಾರೆ. ದೊಡ್ಡ ಕಾಂಕ್ರೀಟ್ ಅಣೆಕಟ್ಟುಗಳ ಒಡಲಿನಲ್ಲೂ ಜಿನುಗಿದ ನೀರನ್ನು ಹೊರಹಾಕಲು ಸುರಂಗದಂಥ ಗ್ಯಾಲರಿ ಬಿಟ್ಟಿರುತ್ತಾರೆ.

ಇನ್ನೊಂದು ಮಾತಿಗೆ ಮಾತ್ರ ಗ್ಯಾರೇಜಿನಲ್ಲಿ ಜೋರು ಚರ್ಚೆಯಾಯಿತು. ಹೆಚ್ಚು ಸೋರುತ್ತಿದ್ದದ್ದು ಹಿಂಬದಿಯ ತುರ್ತು ಕಿಟಕಿ. ಅದನ್ನು ಸ್ಕ್ರೂ ಹೊಡೆದು ಖಾಯಂ ಮುಚ್ಚುವುದೆಂದು ಮಿತ್ರರ ವಿಚಾರ. ನಾನು ಒಪ್ಪಲಿಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಜನ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಹೊರಬರುವ ಪ್ರತಿಯೊಂದು ದಾರಿಗೂ ಬೆಲೆಯಿದೆ. ಬೂಷ್ಟಿನ ಹಾಸಿಗೆಯಿಂದ ಮೊಮ್ಮಗಳನ್ನು ಉಳಿಸಲು ಹೋಗಿ ಅವಳ ದಾರಿಯನ್ನೇ ಮುಚ್ಚುವುದೆ? ಕೊನೆಗೆ ಕಿಟಕಿಗೆ ಹೊಸ ರಬ್ಬರು, ಹೊಸ ಚಿಲಕ ಬಂದವು. ಅವಳೇ ಮೂರು ಸಲ ತೆರೆದು ತೋರಿಸಿದಳು. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕಳಿಸುವ ಪಾಲಕರು ಬಸ್ಸಿನ ಬಣ್ಣ ನೋಡುವ ಬದಲು ಈ ಕಿಟಕಿ ತೆರೆಯುತ್ತದೆಯೇ ಎಂದು ಒಮ್ಮೆ ನೋಡಬಾರದೇಕೆ? ಅಂತೆಯೇ, ಕಿಟಕಿಗಳು ಬಿಗಿಯಾದ ಮೇಲೆ ಒಳಗೆ ಒಲೆ ಹಚ್ಚಿದರೆ ಚಾವಣಿಯ ಗಾಳಿಗಿಂಡಿ ತೆರೆದಿರಲೇಬೇಕು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಜೂನ್ ಕೊನೆಯಲ್ಲಿ ಹೊರಟೆವು. ಮೊದಲು ಹಳಿಯಾಳ ತಾಲೂಕಿಗೆ ಸೇರಿದ್ದ ದಾಂಡೇಲಿ ಈಗ ತಾನೇ ತಾಲೂಕು ಕೇಂದ್ರ. ಕಾಗದದ ಕಾರ್ಖಾನೆ, ಕಾಳಿ ನದಿ, ಪ್ರವಾಸಿಗರ ಗದ್ದಲ ಎಲ್ಲ ಅಲ್ಲಿ ಒಟ್ಟಿಗೇ ಇವೆ. ಸಣ್ಣ ಮಳೆಯಿತ್ತು, ಕಿಟಕಿಗಳು ಪಾಸಾದವು.

ನಿಜವಾದ ಪರೀಕ್ಷೆ ಗಣೇಶಗುಡಿ ದಾಟಿದ ಮೇಲೆ. ಅಲ್ಲಿ ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಹಳೆಯ ಸೂಪಾ ಊರು ಅದರ ನೀರಿನಡಿ ಮುಳುಗಿ, ತಾಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕಾಡಿನಲ್ಲಿ ಮನಬಂದಲ್ಲಿ ಗಾಡಿ ನಿಲ್ಲಿಸಿ ಮಲಗುವಂತಿಲ್ಲ. ಜೊಯಿಡಾದಲ್ಲಿ ಪರಿಚಿತರ ಮನೆಯಂಗಳದಲ್ಲಿ ನಿಂತೆವು. ರಾತ್ರಿಯಿಡೀ ಮಳೆ ಧೋ ಎಂದು ಸುರಿಯಿತು. ಬ್ಯಾಟರಿ ಬಿಟ್ಟು ನೋಡಿದರೆ ಕಿಟಕಿಯ ಸಂದಿನಲ್ಲಿ ನೀರು ತುಂಬುತ್ತಿತ್ತು, ತುಂಬಿದಷ್ಟೂ ಆ ಸಣ್ಣ ತೂತುಗಳಿಂದ ಹೊರಗೆ ಹರಿಯುತ್ತಿತ್ತು. ಹಿಂಬದಿಯ ಹಾಸಿಗೆ ಒಣಗಿತ್ತು. ಡ್ರೈವರನ ಬದಿಯ ಒಂದು ಮೂಲೆ ಮಾತ್ರ ಇನ್ನೂ ತೊಟ್ಟಿಕ್ಕುತ್ತಿತ್ತು. ಮೊಮ್ಮಗಳು ಅದರಡಿ ಲೋಟವಿಟ್ಟು, ನಿಮಿಷಕ್ಕೆ ಏಳು ಹನಿ ಎಂದು ಎಣಿಸಿ ಬರೆದುಕೊಂಡಿದ್ದಾಳೆ, ಹಿಂದಿರುಗುವಾಗ ಹಳಿಯಾಳದ ಮಿಸ್ತ್ರಿಗೆ ತೋರಿಸಲು.