ಹತ್ತನೇ ನಂಬರಿನವನು ಪಳಗಿದನೇ?

ಯಾರದೋ ಮನೆಯ ಮುಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಿ, ಮನೆಯವರ ಕೈಗೆ ಡಾಲರು ಇಟ್ಟು, ನೀವು ಲೊಂಬಾರ್ಡಿ ಅವೆನ್ಯೂ ದಾಟುತ್ತೀರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ. 2023ರ ಡಿಸೆಂಬರ್ 3, ಭಾನುವಾರ. ಆಟ ಶುರುವಾಗುವುದು ರಾತ್ರಿ ಏಳು ದಾಟಿದ ಮೇಲೆ. ಹಗಲು ಮುಗಿಯುವ ಮುಂಚೆಯೇ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದ ಸುತ್ತಲಿನ ಬಯಲು ತುಂಬಿಹೋಗಿದೆ. ಪಿಕಪ್ ಟ್ರಕ್ಕುಗಳ ಹಿಂಬಾಗಿಲುಗಳೆಲ್ಲ ಇಳಿದು ಮೇಜುಗಳಾಗಿವೆ. ಬಿಯರಿನಲ್ಲಿ ಬೇಯಿಸಿದ ಬ್ರಾಟ್‌ವರ್ಸ್ಟ್ ಸಾಸೇಜುಗಳು ಕೆಂಡದ ಮೇಲೆ ಚುರುಗುಟ್ಟುತ್ತಿವೆ. ಹೊಗೆ ಮುಖಕ್ಕೆ ಹೊಡೆದರೆ ಯಾರೂ ಪಕ್ಕಕ್ಕೆ ಸರಿಯುವುದಿಲ್ಲ, ಈ ಚಳಿಯಲ್ಲಿ ಅದೂ ಬೇಕು.

ಹೆಸರು ಕೇಳುವ ಅಗತ್ಯವೇ ಇಲ್ಲ. ದಪ್ಪ ಕೋಟುಗಳ ಮೇಲೆ ಎಳೆದು ಹಾಕಿಕೊಂಡ ಜರ್ಸಿಯ ನಂಬರೇ ಒಬ್ಬೊಬ್ಬರ ಪಕ್ಷವನ್ನು ಹೇಳುತ್ತದೆ. ಮಡಚುವ ಕುರ್ಚಿಯಲ್ಲಿ ಕೂತ ಮುದುಕರದ್ದು 15, ಬಾರ್ಟ್ ಸ್ಟಾರ್‌ನ ನಂಬರು. ಇಕ್ಕಳ ಹಿಡಿದು ಬ್ರಾಟ್ ತಿರುಗಿಸುತ್ತಿರುವ ಯುವಕನದು 12, ಆರನ್ ರಾಜರ್ಸ್‌ನದು. ಮುದುಕರ ಮಗಳು 10 ತೊಟ್ಟಿದ್ದಾಳೆ. ಜಗಳ ಇರುವುದೇ ಈ ಹತ್ತರ ಬಗ್ಗೆ: ಜೋರ್ಡನ್ ಲವ್, ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಇಪ್ಪತ್ತೈದು ವರ್ಷದ ಕ್ವಾರ್ಟರ್‌ಬ್ಯಾಕ್.

"ಎರಡು ಆಟ ಗೆದ್ದ ತಕ್ಷಣ ಎಲ್ಲ ಮರೆತುಬಿಟ್ರಾ?" ಹನ್ನೆರಡರ ಯುವಕ ಇಕ್ಕಳವನ್ನೇ ಎತ್ತಿ ತೋರಿಸುತ್ತಾನೆ. "ಅಕ್ಟೋಬರ್ ಕೊನೇಲಿ ಇದೇ ಬಯಲಿನಲ್ಲಿ ನಿಂತಿದ್ವಿ. ವೈಕಿಂಗ್ಸ್ ನಮ್ಮನ್ನ 24-10ರಲ್ಲಿ ಹೊಡೆದಿದ್ರು. ಏಳು ಆಟ, ಎರಡೇ ಗೆಲುವು. ಆವತ್ತು ನೀವೆಲ್ಲ ಏನು ಮಾತಾಡ್ತಿದ್ರಿ? ಮುಂದಿನ ಡ್ರಾಫ್ಟಿನಲ್ಲಿ ಕಾಲೇಜು ಹುಡುಗ ಕೇಲಬ್ ವಿಲಿಯಮ್ಸ್ ಸಿಗ್ತಾನಾ, ಡ್ರೇಕ್ ಮೇ ಸಿಗ್ತಾನಾ ಅಂತ!"

ಯಾರೂ ಅಲ್ಲಗಳೆಯುವುದಿಲ್ಲ. ಸತತ ಐದು ಆಟಗಳ ಮೊದಲರ್ಧಗಳನ್ನು ಒಟ್ಟು ಸೇರಿಸಿದರೂ ತಂಡ ಗಳಿಸಿದ್ದು ಒಂಬತ್ತೇ ಅಂಕ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವ ಟಚ್‌ಡೌನ್ ಒಂದೂ ಇಲ್ಲ. ಲವ್ ಎಸೆದ ಚೆಂಡು ಓಡುವವನ ತಲೆಯ ಮೇಲೆ ಹಾರಿಹೋಗುತ್ತಿತ್ತು, ಇಲ್ಲವೇ ಬೆನ್ನ ಹಿಂದೆ ಬೀಳುತ್ತಿತ್ತು. ಈಗ ಹನ್ನೊಂದು ಆಟ ಮುಗಿದಿವೆ, ಐದು ಗೆಲುವು, ಆರು ಸೋಲು. ಎದುರಿಗೆ ಬಂದಿರುವುದು ಕನ್ಸಾಸ್ ಸಿಟಿ ಚೀಫ್ಸ್, ಹಿಂದಿನ ವರ್ಷದ ಚಾಂಪಿಯನ್ನರು.

ಈ ಆಟ ನೋಡದವರಿಗೆ ಒಂದು ಮಾತು ಹೇಳಬೇಕು. ಅಮೆರಿಕನ್ ಫುಟ್‌ಬಾಲಿನಲ್ಲಿ ಬಹುತೇಕ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎದುರಿನ ಹನ್ನೊಂದು ಜನ ಹೇಗೆ ನಿಂತಿದ್ದಾರೆ, ಚೆಂಡು ಕದಲಿದ ಮೇಲೆ ಯಾರು ಎತ್ತ ಸರಿದರು ಎಂದು ಓದಿಕೊಂಡು, ತನ್ನ ಕಡೆಯ ನಾಲ್ಕೈದು ಜನರಲ್ಲಿ ಯಾರು ಈಗ ಅಲ್ಲ, ಇನ್ನರೆಕ್ಷಣದಲ್ಲಿ ಬಿಡುವಾಗುತ್ತಾರೆ ಎಂದು ಊಹಿಸಿ ಎಸೆಯಬೇಕು. ಇಷ್ಟಕ್ಕೆಲ್ಲ ಸಿಗುವುದು ಮೂರು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಳುಗಳು ಮೈಮೇಲೆ ಬಂದುಬಿಡುತ್ತಾರೆ. ಕಾಲೇಜಿನಲ್ಲಿ ಮೆರೆದ ಹುಡುಗರು, ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ಮೂಲಕ ಇಲ್ಲಿ ಬಂದು, ಎರಡು ವರ್ಷದಲ್ಲಿ ಮುರಿದುಹೋಗುತ್ತಾರೆ. ತೋಳಿನ ಶಕ್ತಿ ಸಾಲದೆ ಮುರಿಯುವವರು ಕಡಿಮೆ. ಕಣ್ಣಿಗೆ ಕಂಡದ್ದನ್ನು ಕಾಲು ನಂಬುವ ಮೊದಲೇ ಆಟಕ್ಕೆ ತಳ್ಳಿಸಿಕೊಂಡವರೇ ಹೆಚ್ಚು.

"ಅಪ್ಪಾ, ನೀವೇ ಹೇಳಿ," ಎನ್ನುತ್ತಾಳೆ ಮಗಳು.

ಮುದುಕರು ಅವಸರಪಡುವುದಿಲ್ಲ. ಸ್ಟಾರ್ 1956ರ ಡ್ರಾಫ್ಟಿನಲ್ಲಿ ಹದಿನೇಳನೇ ಸುತ್ತಿನವರೆಗೂ ಯಾರಿಗೂ ಬೇಡವಾಗಿದ್ದವನು, 200ನೇ ಆಯ್ಕೆ. ಆಮೇಲೆ ಐದು ಚಾಂಪಿಯನ್‌ಶಿಪ್ ತಂದುಕೊಟ್ಟ. "ಅವನ ಕಾಲ ಮುಗಿದ ಮೇಲಿನದ್ದು ನಿಮಗ್ಯಾರಿಗೂ ಗೊತ್ತಿಲ್ಲ," ಎಂದು ಹನ್ನೆರಡರವನ ಕಡೆ ತಿರುಗುತ್ತಾರೆ. "1968ರಿಂದ 1991. ಇಪ್ಪತ್ನಾಲ್ಕು ವರ್ಷದಲ್ಲಿ ಎರಡೇ ಎರಡು ಸಲ ಪ್ಲೇಆಫ್. 1974ರಲ್ಲಿ ತಾಳ್ಮೆ ಕೆಟ್ಟು, ಲಾಸ್ ಏಂಜಲೀಸ್‌ನಿಂದ ಜಾನ್ ಹೇಡ್ಲ್‌ನನ್ನ ತಂದರು. ವಯಸ್ಸು ಮೂವತ್ನಾಲ್ಕು. ಅವನಿಗೋಸ್ಕರ ಕೊಟ್ಟಿದ್ದು ಐದು ಡ್ರಾಫ್ಟ್ ಆಯ್ಕೆ. ಐದು! ನಾಳೆ ಬೆಳೆಯಬೇಕಾದ ಹುಡುಗರನ್ನೆಲ್ಲ ಒಬ್ಬ ಮುಪ್ಪಾದವನಿಗೆ ಕೊಟ್ಟುಬಿಟ್ಟರು. ಆ ಸಾಲ ತೀರಿಸೋಕೆ ಎಷ್ಟು ವರ್ಷ ಬೇಕಾಯ್ತು ನೋಡಿ."

ಅಲ್ಲಿಂದೀಚಿನ ಕಥೆ ಎಲ್ಲರಿಗೂ ಬಾಯಿಪಾಠ. 1992ರಲ್ಲಿ ಅಟ್ಲಾಂಟಾ ತಂಡಕ್ಕೆ ಮೊದಲ ಸುತ್ತಿನ ಆಯ್ಕೆಯನ್ನು ಕೊಟ್ಟು ಬ್ರೆಟ್ ಫಾರ್ವ್‌ನನ್ನು ತಂದದ್ದು. ಅವನು ಮೆರೆಯುತ್ತಿರುವಾಗಲೇ 2005ರಲ್ಲಿ, 24ನೇ ಆಯ್ಕೆಯಾಗಿ ರಾಜರ್ಸ್‌ನನ್ನು ತಂದು ಮೂರು ವರ್ಷ ಬದಿಯಲ್ಲಿ ಕೂರಿಸಿದ್ದು. 2020ರ ಏಪ್ರಿಲ್‌ನಲ್ಲಿ, ರಾಜರ್ಸ್ ಮೆರೆಯುತ್ತಿರುವಾಗಲೇ, ನಾಲ್ಕು ಸ್ಥಾನ ಮೇಲೇರಿ 26ನೇ ಆಯ್ಕೆಯಾಗಿ ಲವ್‌ನನ್ನು ತಂದು ಅವನನ್ನೂ ಮೂರು ವರ್ಷ ಕೂರಿಸಿದ್ದು. ಆ ರಾತ್ರಿ ಊರು ಕೆಂಡವಾಗಿತ್ತು. ಮೂರು ತಿಂಗಳ ಹಿಂದಷ್ಟೇ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಿಂದ ಒಂದೇ ಹೆಜ್ಜೆ ದೂರದಲ್ಲಿ ಸೋತಿತ್ತು. ಚೆಂಡು ಹಿಡಿಯುವವನೊಬ್ಬ ಬೇಕಾಗಿದ್ದಾಗ ಎಸೆಯುವವನನ್ನು ತಂದಿದ್ದರು. ಸಿಟ್ಟಿಗೆ ರಾಜರ್ಸ್ ಉತ್ತರವನ್ನು ಮೈದಾನದಲ್ಲೇ ಕೊಟ್ಟ: ಆ ವರ್ಷವೂ ಮರುವರ್ಷವೂ ಇಡೀ ಲೀಗಿನ ಶ್ರೇಷ್ಠ ಆಟಗಾರ ಅವನೇ.

"ಅಷ್ಟೂ ದಿನ ನಿಮ್ಮ ಹತ್ತು ಏನು ಮಾಡ್ತಿದ್ದ? ಬದಿಯಲ್ಲಿ ನಿಂತು ನೋಡ್ತಿದ್ದ," ಹನ್ನೆರಡು ಬಿಡುವುದಿಲ್ಲ. "ಮೊದಲ ವರ್ಷ ಆಟದ ದಿನದ ಪಟ್ಟಿಯಲ್ಲೂ ಇರಲಿಲ್ಲ, ಮೂರನೆಯವನಾಗಿದ್ದ. ಕೂರಿಸಿದ್ರೆ ಬರೋ ವಿದ್ಯೆಯಾದ್ರೆ ಟ್ರೇ ಲ್ಯಾನ್ಸ್‌ಗೆ ಯಾಕೆ ಬರಲಿಲ್ಲ? 2021ರಲ್ಲಿ ಮೂರನೇ ಆಯ್ಕೆ. ಅವನಿಗೋಸ್ಕರ ಸ್ಯಾನ್ ಫ್ರಾನ್ಸಿಸ್ಕೋ ಮೊದಲ ಸುತ್ತಿನ ಮೂರು ಆಯ್ಕೆ ಸುರಿದಿತ್ತು. ಅವನನ್ನೂ ಕೂರಿಸಿದ್ರು. ಈ ಆಗಸ್ಟಿನಲ್ಲಿ ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಡಲ್ಲಾಸ್‌ಗೆ ದಾಟಿಸಿಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗ ಆಡ್ತಿರೋನು ಬ್ರಾಕ್ ಪರ್ಡಿ, 2022ರ ಡ್ರಾಫ್ಟಿನ ಕಟ್ಟಕಡೆಯವನು, 262ನೇ ಆಯ್ಕೆ. ಅವನನ್ನ ಯಾರೂ ಬೆಳೆಸಲಿಲ್ಲ. ಬಂದ, ಆಡಿದ."

ಪಕ್ಕದ ಟ್ರಕ್ಕಿನಿಂದ ಕೆಂಪು ಜರ್ಸಿಯವನೊಬ್ಬ ಬಿಯರ್ ಹಿಡಿದು ಬರುತ್ತಾನೆ. ಅವನದೂ 15, ಆದರೆ ಇದು ಪ್ಯಾಟ್ರಿಕ್ ಮಹೋಮ್ಸ್‌ನ ಹದಿನೈದು. ಕನ್ಸಾಸ್ ಸಿಟಿಯಿಂದ ಬಂದವನನ್ನು ಯಾರೂ ಓಡಿಸುವುದಿಲ್ಲ. ಅವನ ಕೈಗೂ ಒಂದು ಬ್ರಾಟ್ ಬರುತ್ತದೆ, ನಿಮ್ಮ ಕೈಗೂ ಒಂದು. "ನಮ್ಮವನೂ ಕೂತಿದ್ದ," ಎನ್ನುತ್ತಾನೆ ಅವನು. "2017ರಲ್ಲಿ ಪೂರ್ತಿ ಒಂದು ವರ್ಷ ಅಲೆಕ್ಸ್ ಸ್ಮಿತ್ ಹಿಂದೆ. ಕೊನೇ ಆಟ ಒಂದನ್ನೇ ಆಡಿದ. ಮುಂದಿನ ವರ್ಷ ಐವತ್ತು ಟಚ್‌ಡೌನ್." ಅದೇ ಡ್ರಾಫ್ಟಿನಲ್ಲಿ ಶಿಕಾಗೋ ಬೇರ್ಸ್ ಎರಡನೇ ಆಯ್ಕೆಯಲ್ಲಿ ಮಿಚ್ ಟ್ರುಬಿಸ್ಕಿಯನ್ನು ಆರಿಸಿಕೊಂಡಿತ್ತು. ಮಹೋಮ್ಸ್ ಹತ್ತನೆಯದರವರೆಗೆ ಉಳಿದಿದ್ದ. ಟ್ರುಬಿಸ್ಕಿಯನ್ನು ನಾಲ್ಕೇ ಆಟ ಕಳೆಯುವಷ್ಟರಲ್ಲಿ ಮೈದಾನಕ್ಕೆ ತಳ್ಳಿದರು. ಇಬ್ಬರೂ ಊರು ಬದಲಾಯಿಸಿಕೊಂಡಿದ್ದರೆ ಏನಾಗುತ್ತಿತ್ತು? ಬಯಲಿನಲ್ಲಿ ಇದಕ್ಕೆ ಹತ್ತು ಉತ್ತರ ಕೇಳಿಸುತ್ತವೆ, ಹತ್ತೂ ಗಂಟಲು ಹರಿಯುವಷ್ಟು ಜೋರಾಗಿ.

ಅಪ್ಪನನ್ನು ಕೇಳಿದ ಮೇಲೆ ಸುಮ್ಮನಿದ್ದ ಹತ್ತನೇ ಜರ್ಸಿಯವಳು ಈಗ ಬಾಯಿ ತೆರೆಯುತ್ತಾಳೆ. "ಕೂತಿದ್ದು ವಿದ್ಯೆ ಅಲ್ಲ, ಒಪ್ತೀನಿ. ಕೂತಾಗ ಯಾರ ಹತ್ತಿರ ಕೂತಿದ್ದ ಅನ್ನೋದು ವಿದ್ಯೆ. ಲವ್ ಯೂಟಾ ಸ್ಟೇಟ್‌ನಲ್ಲಿ 2018ರಲ್ಲಿ 32 ಟಚ್‌ಡೌನ್ ಎಸೆದ, ಎದುರಾಳಿ ಕೈಗೆ ಕೊಟ್ಟಿದ್ದು ಆರೇ ಸಲ. ಮುಂದಿನ ವರ್ಷ ಕೋಚ್ ಬಿಟ್ಟುಹೋದರು, ಜೊತೆಗಾರರು ಹೋದರು. ಟಚ್‌ಡೌನ್ 20, ಇಂಟರ್‌ಸೆಪ್ಷನ್ 17. ಒಂದು ವರ್ಷದಲ್ಲಿ ತೋಳು ಬದಲಾಯ್ತಾ? ಸುತ್ತಲಿದ್ದವರು ಬದಲಾದರು. ಇಲ್ಲಿ ಅವನಿಗೆ ಟಾಮ್ ಕ್ಲೆಮೆಂಟ್ಸ್ ಸಿಕ್ಕರು. ರಾಜರ್ಸ್‌ನನ್ನ ತಿದ್ದಿದವರು, 2022ರಲ್ಲಿ ಮತ್ತೆ ಬಂದರು. ನೀವು ಇವತ್ತು ಅವನ ಕೈ ನೋಡಬೇಡಿ, ಕಾಲು ನೋಡಿ."

ನನ್ನನ್ನು ಕೇಳಿದರೆ, ಆ ಬಯಲಿನಲ್ಲಿ ಆಡಿದ ಮಾತುಗಳಲ್ಲೆಲ್ಲ ತೂಕದ ಮಾತು ಅದೇ. ಅಡಿಕೆ ಸಸಿಯನ್ನು ಸುಮ್ಮನೆ ನೆಟ್ಟು ಏಳು ವರ್ಷ ಕಾದರೆ ಫಸಲು ಬರುವುದಿಲ್ಲ. ನೆರಳು, ನೀರು, ಬುಡದ ಮಣ್ಣು ನೋಡುವವರು ಬೇಕು. ಪರ್ಡಿಯ ಸುತ್ತ ಲೀಗಿನ ಅತ್ಯುತ್ತಮ ಆಟಗಾರರಿದ್ದಾರೆ. ಲವ್‌ನ ಸುತ್ತ? ಚೆಂಡು ಹಿಡಿಯುವವರೆಲ್ಲ ಮೊದಲ ಅಥವಾ ಎರಡನೇ ವರ್ಷದವರು. ಜೇಡನ್ ರೀಡ್, ಡಾಂಟೇವಿಯನ್ ವಿಕ್ಸ್ ಈ ವರ್ಷವೇ ಬಂದವರು. ಕ್ರಿಶ್ಚಿಯನ್ ವ್ಯಾಟ್ಸನ್, ರೋಮಿಯೋ ಡೋಬ್ಸ್‌ಗೆ ಇದು ಎರಡನೇ ವರ್ಷ. ಲವ್‌ನ ಬೆನ್ನು ಕಾಯಬೇಕಾದ ಹಿರಿಯ ಡೇವಿಡ್ ಬಕ್ತಿಯಾರಿ ಮೊದಲ ಆಟದ ನಂತರ ಮೊಣಕಾಲಿನಿಂದಾಗಿ ಇಳಿಯಲೇ ಇಲ್ಲ. ಅಂಥ ತಂಡದಲ್ಲಿ ಅಕ್ಟೋಬರ್ ಹಾಗಾಗದೆ ಇನ್ನು ಹೇಗಾಗಬೇಕಿತ್ತು?

ಇನ್ನೊಂದು ಸಂಗತಿ ಈ ಬಯಲಿನಲ್ಲಿ ಯಾರೂ ಎತ್ತುವುದಿಲ್ಲ, ಗಾಳಿಯಂತೆ ಅದು ಸುತ್ತಲೂ ಇದ್ದೇ ಇದೆ. ಈ ತಂಡಕ್ಕೆ ಧಣಿ ಇಲ್ಲ. ಈಗಲೂ ಲಕ್ಷದ ಏಳೆಂಟು ಸಾವಿರ ಜನರಷ್ಟೇ ಇರುವ ಊರು 1923ರಲ್ಲಿ ಷೇರು ಮಾರಿ ತಂಡವನ್ನು ಉಳಿಸಿಕೊಂಡಿತು. ಈಗ ಷೇರುದಾರರು ಐದು ಲಕ್ಷಕ್ಕೂ ಹೆಚ್ಚು. ಲಾಭಾಂಶ ಬರುವುದಿಲ್ಲ, ಷೇರು ಮಾರುವಂತಿಲ್ಲ. ಮುದುಕರ ಮನೆಯ ಗೋಡೆಯ ಮೇಲೆ ಷೇರು ಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾರಂತೆ. ಬೇರೆ ಊರುಗಳಲ್ಲಿ ಕೋಟ್ಯಧಿಪತಿಯೊಬ್ಬ ಎರಡು ಸೋಲಿಗೆ ಸಿಟ್ಟಾಗಿ ಕೋಚನ್ನೂ ಕ್ವಾರ್ಟರ್‌ಬ್ಯಾಕ್‌ನನ್ನೂ ಒಟ್ಟಿಗೆ ಕಿತ್ತುಹಾಕಬಲ್ಲ. ಇಲ್ಲಿ ಸಿಟ್ಟು ಐದು ಲಕ್ಷ ಪಾಲಾಗಿ ಹಂಚಿಹೋಗುತ್ತದೆ. ಮೂರು ವರ್ಷ ಹುಡುಗನೊಬ್ಬನನ್ನು ಕೂರಿಸಿ ಕಲಿಸುವ ಧೈರ್ಯ ಬರುವುದು ಇಂಥ ಕಡೆ. ಹನ್ನೆರಡರ ಯುವಕನ ಕೂಗಾಟವೂ ನನಗೆ ಆ ಪಾಲುದಾರಿಕೆಯ ಹಕ್ಕಿನಂತೆಯೇ ಕೇಳಿಸುತ್ತದೆ.

ದೀಪಗಳು ಹತ್ತಿಕೊಳ್ಳುತ್ತವೆ. ಕೆಂಡದ ಮೇಲೆ ನೀರು ಬೀಳುತ್ತದೆ. ಜನದ ಹೊಳೆಯಲ್ಲಿ ಸೇರಿಕೊಂಡು ನೀವು ಒಳಗೆ ಬರುತ್ತೀರಿ. ಎಂಬತ್ತು ಸಾವಿರ ಜನ. ಕೂರುವುದಕ್ಕೆ ಕುರ್ಚಿಯಲ್ಲ, ಉದ್ದನೆಯ ಲೋಹದ ಬೆಂಚು. ಪ್ಯಾಂಟಿನ ಮೂಲಕ ಚಳಿ ನೇರ ಮೂಳೆಗೆ ಇಳಿಯುತ್ತದೆ. ಎಡಕ್ಕೆ ಹದಿನೈದು, ಬಲಕ್ಕೆ ಹತ್ತು, ಹಿಂದಿನ ಸಾಲಿನಲ್ಲಿ ಹನ್ನೆರಡು. ಮೇಲೆ ಎಲ್ಲೋ ಗಾಜಿನ ಕೋಣೆಯಲ್ಲಿ ಟೇಲರ್ ಸ್ವಿಫ್ಟ್ ಇದ್ದಾಳೆಂದು ಸುದ್ದಿ ಹರಿದಾಡುತ್ತದೆ. ನಿಮ್ಮ ಸಾಲಿನವರು ತಲೆ ಎತ್ತುವುದಿಲ್ಲ.

ಹಸಿರು ಅಂಗಿಯ ಹತ್ತು ಮೈದಾನಕ್ಕೆ ಬರುತ್ತದೆ. ಎರಡು ವರ್ಷದ ಹಿಂದೆ, 2021ರ ನವೆಂಬರ್‌ನಲ್ಲಿ, ಇವನು ಮೊತ್ತಮೊದಲ ಸಲ ಆಟ ಶುರು ಮಾಡಿದ್ದು ಇದೇ ಚೀಫ್ಸ್ ವಿರುದ್ಧ, ಅವರ ಅಂಗಳದಲ್ಲಿ. ಅವರು ಮತ್ತೆ ಮತ್ತೆ ಹೆಚ್ಚು ಜನರನ್ನು ನುಗ್ಗಿಸಿದರು, ಇವನು ಕಂಗಾಲಾದ. 13-7ರ ಸೋಲು. ಇವತ್ತು ನೀವು ಕಾಲನ್ನೇ ನೋಡುತ್ತೀರಿ. ಚೆಂಡು ಕೈಗೆ ಬಂದ ಕೂಡಲೇ ಹಿಂದಕ್ಕೆ ಅಳತೆಯ ಹೆಜ್ಜೆ, ಒಂದು ಸಣ್ಣ ಕುಪ್ಪಳಿಕೆ, ಎಡಗಾಲು ಗುರಿಯತ್ತ. ಮೊದಲ ಸರದಿಯಲ್ಲೇ ಮೈದಾನ ಪೂರ್ತಿ ಸಾಗಿ ಬೆನ್ ಸಿಮ್ಸ್‌ಗೆ ಟಚ್‌ಡೌನ್. ಬೆಂಚು ಅಡಿಯಿಂದಲೇ ಗುಡುಗುತ್ತದೆ. ಆಮೇಲೆ ವ್ಯಾಟ್ಸನ್‌ಗೆ ಒಂದು. ಕೆಂಪಿನವರು ನುಗ್ಗಿ ಬಂದಾಗ ಒಂದೆರಡು ಸಲ ಹಿಂದಕ್ಕೆ ವಾಲಿಕೊಂಡೇ ಎಸೆಯುತ್ತಾನೆ.

"ಕಾಲು ನೋಡಿ ಅಂದ್ರಲ್ಲ, ಕಾಲೆಲ್ಲಿದೆ?" ಹಿಂದಿನಿಂದ ಹನ್ನೆರಡು.

"ಚೆಂಡೆಲ್ಲಿದೆ ನೋಡಿ!" ಎಂದು ಹತ್ತು ತಿರುಗಿ ಕೂಗುತ್ತಾಳೆ.

ವ್ಯಾಟ್ಸನ್‌ಗೆ ಇನ್ನೊಂದು ಟಚ್‌ಡೌನ್. ಆದರೂ ಮಹೋಮ್ಸ್ ಹತ್ತಿರ ಬರುತ್ತಲೇ ಇದ್ದಾನೆ. 21-19. ಹದಿನೈದರ ಮುದುಕರು ಕೈಗವಸು ತೆಗೆದು ಬೆರಳು ಕಚ್ಚುತ್ತಿದ್ದಾರೆ. ಕೀಶಾನ್ ನಿಕ್ಸನ್ ಮಹೋಮ್ಸ್‌ನ ಚೆಂಡನ್ನು ನಡುವೆಯೇ ಹಿಡಿದಾಗ ಅಪರಿಚಿತರು ನಿಮ್ಮನ್ನು ತಬ್ಬಿಕೊಳ್ಳುತ್ತಾರೆ. ಕೊನೆಗೆ 27-19, ಗಡಿಯಾರದಲ್ಲಿ ಕ್ಷಣಗಳು ಮಾತ್ರ. ಮಹೋಮ್ಸ್ ಆಕಾಶಕ್ಕೆ ಎಸೆದ ಚೆಂಡು ಟಚ್‌ಡೌನ್ ವಲಯದ ಗುಂಪಿನಲ್ಲಿ ಯಾರ ಕೈಗೂ ಸಿಗದೆ ನೆಲಕ್ಕೆ ಬೀಳುತ್ತದೆ.

ಲವ್: 267 ಗಜ, ಮೂರು ಟಚ್‌ಡೌನ್, ಎದುರಾಳಿಯ ಕೈಗೆ ಒಂದೂ ಇಲ್ಲ. ಹತ್ತು ದಿನದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯ್ಟ್‌ನಲ್ಲೂ ಮೂರು, ಅಲ್ಲೂ ಒಂದೂ ಇಲ್ಲ.

ಇಳಿಜಾರಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಹೊರಬರುವಾಗ ಜಗಳ ಮತ್ತೆ ಶುರುವಾಗುತ್ತದೆ. "ಹಾಗಾದ್ರೆ ನಮಗೆ ಕ್ವಾರ್ಟರ್‌ಬ್ಯಾಕ್ ಸಿಕ್ಕ ಅಂತೀರಾ?" ಎಂದು ಮಗಳು ತಂದೆಯನ್ನು ಕೇಳುತ್ತಾಳೆ.

"ಹನ್ನೆರಡು ಆಟಕ್ಕೆ ಯಾರೂ ಸಿಗೋದಿಲ್ಲಮ್ಮ. ರಾಜರ್ಸ್ ಮೊದಲ ವರ್ಷ ಹತ್ತು ಸೋತಿದ್ದ. ಆವಾಗ ಇದೇ ಜನ ಫಾರ್ವ್ ಬೇಕು ಅಂತ ಅಳ್ತಿದ್ದರು. ಮುಂದಿನ ವರ್ಷದ ಕೊನೆಗೆ ಇವನ ಒಪ್ಪಂದ ಮುಗಿಯುತ್ತೆ, ಅಷ್ಟರೊಳಗೆ ದೊಡ್ಡ ದುಡ್ಡು ಕೊಡಬೇಕೋ ಬೇಡವೋ ಅಂತ ತೀರ್ಮಾನ ಆಗಬೇಕು. ಆವಾಗ ಕೇಳು."

ಹನ್ನೆರಡರ ಯುವಕ ಒಂದಷ್ಟು ದೂರ ಏನೂ ಹೇಳದೆ ನಡೆಯುತ್ತಾನೆ. ಆಮೇಲೆ ಅವಳ ಪಕ್ಕಕ್ಕೆ ಬಂದು, "ಸರಿ, ಇವತ್ತು ಚೆನ್ನಾಗಿ ಆಡಿದ. ಆದರೆ ವ್ಯಾಟ್ಸನ್ ತೊಡೆ ಹಿಡ್ಕೊಂಡು ಹೊರಗೆ ಹೋದ, ನೋಡಿದ್ರಲ್ಲ? ಮುಂದಿನ ಸೋಮವಾರ ಜೈಂಟ್ಸ್ ಎದುರು ಯಾರಿಗೆ ಎಸೀತಾನೆ?"

"ರೀಡ್‌ಗೆ. ಡೋಬ್ಸ್‌ಗೆ. ವಿಕ್ಸ್‌ಗೆ."

"ವಿಕ್ಸ್ ಇನ್ನೂ ಎಳಸು."

"ಇವನೂ ಎಳಸೇ ಆಗಿದ್ದ," ಎಂದು ಅವಳು ಅವನ ತೋಳಿಗೆ ಗುದ್ದುತ್ತಾಳೆ. ಮುದುಕರು ಹೇಡ್ಲ್‌ನ ಕಥೆಯನ್ನು ಮೊದಲಿಂದ ತೆಗೆಯುತ್ತಾರೆ, ಈ ಸಲ ಕೆಂಪು ಜರ್ಸಿಯವನಿಗೆ.